ಪಾಲು ಕೇಳಿದವರು ಕೇಳಿದ್ದೇನು?

ಅವಿಭಕ್ತ ಕುಟುಂಬವೊಂದು ಒಡೆಯುವುದನ್ನು ಹತ್ತಿರದಿಂದ ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ತಮ್ಮನಾದವನು ಪಡಸಾಲೆಯಲ್ಲಿ ನಿಂತು ‘ನನ್ನ ಪಾಲು ನನಗೆ ಕೊಟ್ಟುಬಿಡಿ’ ಎಂದು ಮೊದಲ ಸಲ ಹೇಳಿದಾಗ ಅವನ ಮನಸ್ಸಿನಲ್ಲಿ ನಡುಮನೆಗೆ ಗೋಡೆ ಎಬ್ಬಿಸುವ ಯೋಚನೆ ಇರಲೇಬೇಕೆಂದಿಲ್ಲ. ಮನೆಯ ಆಡಳಿತದಲ್ಲಿ ತನ್ನ ಮಾತಿಗೂ ಬೆಲೆ ಬರಲಿ, ಕಣಜದ ಬೀಗದ ಕೈ ಒಬ್ಬರ ಸೊಂಟದಲ್ಲೇ ಉಳಿಯದಿರಲಿ ಎಂಬುದೇ ಅವನ ಅಂತರಂಗದ ಬೇಡಿಕೆಯಾಗಿರಬಹುದು. ಆದರೆ ಹಿರಿಯನು ‘ಹಾಗಾದರೆ ತೆಗೆದುಕೊಂಡು ಹೋಗು’ ಎಂದು ಪಂಚರನ್ನು ಕರೆಸಿದ ಮೇಲೆ ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಹತ್ತಿಪ್ಪತ್ತು ವರ್ಷಗಳ ತರುವಾಯ ಎರಡೂ ಮನೆಗಳ ಮಕ್ಕಳು ಆ ಕಥೆಯನ್ನು ಹೇಳುವಾಗ, ಒಡೆಯುವುದು ಮೊದಲಿನಿಂದಲೂ ಹಣೆಯಲ್ಲಿ ಬರೆದಿತ್ತೆಂಬಂತೆಯೇ ಹೇಳುತ್ತಾರೆ.

1947ರ ದೇಶವಿಭಜನೆಯ ಕಥೆಯನ್ನು ನಾವೂ, ಗಡಿಯ ಆಚೆಯವರೂ ಬಹುಕಾಲ ಹೀಗೆಯೇ ಹೇಳಿಕೊಂಡು ಬಂದೆವು. ಆಚೆಯವರ ಪಠ್ಯಪುಸ್ತಕಗಳಲ್ಲಿ ಪಾಕಿಸ್ತಾನವೆಂಬುದು ಎರಡು ಜನಾಂಗಗಳ ನಡುವಣ ಪ್ರಾಚೀನ ಭೇದದ ಸಹಜ ಪರಿಣಾಮ. ಮಹಮ್ಮದ್ ಅಲಿ ಜಿನ್ನಾ ಅದನ್ನು ಕಂಡರು, ಬೇಡಿದರು, ಪಡೆದರು. ಈಚೆಯ ಕಥೆಯಲ್ಲಿ ಜಿನ್ನಾ ಖಳನಾಯಕ. ಬ್ರಿಟಿಷರ ಒಡೆದಾಳುವ ನೀತಿ ಅವರ ಊರುಗೋಲು. ನಾಯಕ ಯಾರು, ಖಳನು ಯಾರು ಎಂಬ ವಿಷಯದಲ್ಲಿ ಈ ಎರಡು ಕಥೆಗಳು ಹೊಡೆದಾಡುತ್ತವೆಯಾದರೂ ಒಂದು ಮಾತಿನಲ್ಲಿ ಎರಡಕ್ಕೂ ಪೂರ್ಣ ಒಮ್ಮತವಿದೆ: ಜಿನ್ನಾ ಕೇಳಿದ್ದೇನೋ ಅದೇ ಅವರಿಗೆ ದೊರೆಯಿತು. ಈ ಒಮ್ಮತವನ್ನೇ ಪ್ರಶ್ನಿಸಿದ ಇತಿಹಾಸಕಾರ್ತಿ ಆಯೇಶಾ ಜಲಾಲ್. ಅವರ ವಿದ್ವತ್ತಿನ ಸ್ಥೂಲ ಪರಿಚಯವನ್ನು ಮಾಡಿಕೊಡುವುದು ಈ ಭಾಷಣದ ಉದ್ದೇಶ.

ಆಯೇಶಾ ಜಲಾಲ್ 1956ರಲ್ಲಿ ಲಾಹೋರಿನಲ್ಲಿ ಜನಿಸಿದರು. ಅಮೆರಿಕದಲ್ಲೂ ಅನಂತರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲೂ ವ್ಯಾಸಂಗ ಮಾಡಿದರು. ಉರ್ದು ಕಥೆಗಾರ ಸಾದತ್ ಹಸನ್ ಮಂಟೋ ಅವರ ಬಂಧುವರ್ಗಕ್ಕೆ ಸೇರಿದವರು. ಈ ಸಂಬಂಧದ ಮಾತಿಗೆ ಕೊನೆಯಲ್ಲಿ ಮರಳೋಣ. ಕೇಂಬ್ರಿಜ್‌ನಲ್ಲಿ ಡಾಕ್ಟರೇಟಿಗಾಗಿ ಅವರು ನಡೆಸಿದ ಸಂಶೋಧನೆ 1985ರಲ್ಲಿ ‘ದಿ ಸೋಲ್ ಸ್ಪೋಕ್ಸ್‌ಮನ್’ ಎಂಬ ಹೆಸರಿನಿಂದ ಪುಸ್ತಕವಾಗಿ ಹೊರಬಂತು. ‘ಏಕೈಕ ವಕ್ತಾರ’ ಎಂದು ಅದನ್ನು ಕನ್ನಡಿಸಬಹುದು. ಅದು ಬಂದ ಸಮಯವೂ ಗಮನಾರ್ಹವಾದದ್ದು. ಅಧಿಕಾರ ಹಸ್ತಾಂತರಕ್ಕೆ ಸಂಬಂಧಿಸಿದ ದಾಖಲೆಗಳನ್ನು ಬ್ರಿಟಿಷ್ ಸರ್ಕಾರವು 1970ರಿಂದ 1983ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿತ್ತು. ಅದುವರೆಗೆ ನೆನಪು, ಆತ್ಮಕಥೆ, ಆರೋಪ, ಸಮರ್ಥನೆಗಳ ಆಧಾರದ ಮೇಲೆ ನಡೆಯುತ್ತಿದ್ದ ಚರ್ಚೆಗೆ ಆಯಾ ದಿನವೇ ಬರೆದಿಟ್ಟ ಕಾಗದಪತ್ರಗಳ ನೆಲಗಟ್ಟು ದೊರಕಿತು. ಯಾವ ದಿನ ಯಾರು ಏನನ್ನು ಕೇಳಿದರು, ಯಾವುದನ್ನು ಒಪ್ಪಲು ಸಿದ್ಧರಿದ್ದರು ಎಂಬುದನ್ನು ಸಾಲು ಸಾಲಾಗಿ ಪರಿಶೀಲಿಸುವುದು ಆಗ ಸಾಧ್ಯವಾಯಿತು.

ಜಲಾಲ್ ಅವರ ಪ್ರಶ್ನೆ ನೋಡಲು ಸರಳವಾದದ್ದು. ಮುಸಲ್ಮಾನರ ಹಿತಕ್ಕಾಗಿ ನಿಂತೆನೆಂದು ಹೇಳಿದ ನಾಯಕನು, ಸುಮಾರು ಮೂರೂವರೆ ಕೋಟಿ ಮುಸಲ್ಮಾನರನ್ನು ಭಾರತದಲ್ಲೇ ಬಿಟ್ಟುಹೋಗುವ, ಪಂಜಾಬನ್ನೂ ಬಂಗಾಳವನ್ನೂ ಸೀಳಿಹಾಕುವ ಪಾಕಿಸ್ತಾನವನ್ನು ನಿಜವಾಗಿ ಬಯಸಿದ್ದನೆ? ಬಯಸಿರದಿದ್ದರೆ ಅದು ಹೇಗೆ ಅವನ ಕೈಗೆ ಬಂತು?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ‘ಭಾರತದ ಮುಸಲ್ಮಾನರು’ ಎಂಬ ಮಾತನ್ನೇ ಬಿಡಿಸಿ ನೋಡಬೇಕು. 1941ರ ಜನಗಣತಿಯ ಪ್ರಕಾರ ಬ್ರಿಟಿಷ್ ಪಂಜಾಬಿನಲ್ಲಿ ನೂರಕ್ಕೆ ಸುಮಾರು 57 ಮಂದಿ, ಬಂಗಾಳದಲ್ಲಿ ಸುಮಾರು 55 ಮಂದಿ ಮುಸಲ್ಮಾನರಿದ್ದರು. ಸಂಯುಕ್ತ ಪ್ರಾಂತದಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದ ಕಡೆ, ಅವರ ಪ್ರಮಾಣ ನೂರಕ್ಕೆ 15ರಷ್ಟು ಮಾತ್ರ. ಪಂಜಾಬಿನ ಜಮೀನುದಾರನಿಗೂ ಪೂರ್ವ ಬಂಗಾಳದ ಗೇಣಿದಾರನಿಗೂ ಲಖನೌದ ವಕೀಲನಿಗೂ ಇದ್ದ ಸಾಮಾನ್ಯ ಅಂಶ ಧರ್ಮವೊಂದೇ. ಬಹುಸಂಖ್ಯಾತರಾಗಿದ್ದ ಪ್ರಾಂತಗಳವರಿಗೆ ಬೇಕಾಗಿದ್ದುದು ದೆಹಲಿಯ ಕೈ ಸೋಕದ ಪ್ರಾಂತೀಯ ಸ್ವಾಯತ್ತತೆ. ಅಲ್ಪಸಂಖ್ಯಾತರಾಗಿದ್ದ ಪ್ರಾಂತಗಳವರಿಗೆ ಬೇಕಾಗಿದ್ದುದು ದೆಹಲಿಯಲ್ಲೇ ತಮಗೊಂದು ರಕ್ಷಣೆ. ಒಂದೇ ಸಮುದಾಯದ ಈ ಎರಡು ಬೇಡಿಕೆಗಳು ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುತ್ತಿದ್ದವು.

ಇದರ ಮೇಲೆ ವಸಾಹತು ಆಡಳಿತದ ಮುದ್ರೆ ಬಿತ್ತು. 1909ರ ಸುಧಾರಣೆಗಳು ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟವು. 1935ರ ಭಾರತ ಸರ್ಕಾರದ ಕಾಯಿದೆ ಆ ಏರ್ಪಾಟನ್ನು ಉಳಿಸಿಕೊಂಡೇ ಪ್ರಾಂತಗಳಿಗೆ ಹೆಚ್ಚಿನ ಅಧಿಕಾರ ಕೊಟ್ಟಿತು. ಕಾಗದದ ಮೇಲೆ ಮುಸಲ್ಮಾನರೆಲ್ಲ ಒಂದು ರಾಜಕೀಯ ವರ್ಗ; ನಿಜವಾದ ಅಧಿಕಾರ ದೊರೆಯುತ್ತಿದ್ದುದು ಮಾತ್ರ ಆಯಾ ಪ್ರಾಂತದ ಮುಖಂಡರಿಗೆ. ಅಖಿಲ ಭಾರತ ಮಟ್ಟದಲ್ಲಿ ಮುಸಲ್ಮಾನರ ಪರವಾಗಿ ಮಾತನಾಡಬಲ್ಲವರಾರು ಎಂಬ ಪೀಠ ಖಾಲಿಯಾಗಿಯೇ ಇತ್ತು. ಆ ಪೀಠವನ್ನೇರಲು ಜಿನ್ನಾ ನಡೆಸಿದ ಪ್ರಯತ್ನವೇ ಜಲಾಲ್ ಅವರ ಪುಸ್ತಕದ ಕಥಾವಸ್ತು. ಅದರ ಹೆಸರಿನ ಅರ್ಥವೂ ಅದೇ.

1937ರ ಚುನಾವಣೆಯ ಫಲಿತಾಂಶ ಆ ಪ್ರಯತ್ನಕ್ಕೆ ಬಿದ್ದ ದೊಡ್ಡ ಪೆಟ್ಟು. ಪಂಜಾಬಿನಲ್ಲಿ ಮುಸ್ಲಿಂ ಲೀಗಿಗೆ ದಕ್ಕಿದ್ದು ಎರಡೇ ಸ್ಥಾನ. ವಾಯವ್ಯ ಗಡಿ ಪ್ರಾಂತದಲ್ಲಿ ಒಂದೂ ಇಲ್ಲ. ಪಂಜಾಬಿನಲ್ಲಿ ಹಿಂದೂ, ಮುಸ್ಲಿಂ, ಸಿಖ್ ಭೂಮಾಲೀಕರು ಕೂಡಿ ನಡೆಸುತ್ತಿದ್ದ ಯೂನಿಯನಿಸ್ಟ್ ಪಕ್ಷ ಅಧಿಕಾರಕ್ಕೆ ಬಂತು. ಬಂಗಾಳದಲ್ಲಿ ರೈತರ ಹೆಸರಿನಲ್ಲಿ ಗೆದ್ದ ಫಜ್ಲುಲ್ ಹಕ್ ಪ್ರಧಾನಿಯಾದರು. ಆ ಕಾಲದಲ್ಲಿ ಪ್ರಾಂತಗಳ ಮುಖ್ಯಮಂತ್ರಿಗಳನ್ನು ಹಾಗೆ ಕರೆಯುತ್ತಿದ್ದರು. ತಾನು ಯಾರ ವಕ್ತಾರನೆಂದು ಲೀಗು ಹೇಳಿಕೊಳ್ಳುತ್ತಿತ್ತೋ ಆ ಜನರೇ ಅದನ್ನು ಆರಿಸಿರಲಿಲ್ಲ.

ಮೂರು ವರ್ಷಗಳ ತರುವಾಯ, 1940ರ ಮಾರ್ಚ್ ತಿಂಗಳಿನಲ್ಲಿ, ಲಾಹೋರ್ ಅಧಿವೇಶನ ನಡೆಯಿತು. ಅಲ್ಲಿ ಮಂಡಿತವಾದ ಠರಾವನ್ನು ನಾವೆಲ್ಲ ‘ಪಾಕಿಸ್ತಾನದ ಠರಾವು’ ಎಂದೇ ಬಲ್ಲೆವು. ವಿಶೇಷವೇನೆಂದರೆ ಆ ಠರಾವಿನಲ್ಲಿ ಪಾಕಿಸ್ತಾನ ಎಂಬ ಶಬ್ದವೇ ಇಲ್ಲ. ವಾಯವ್ಯ ಮತ್ತು ಪೂರ್ವ ಭಾಗಗಳಲ್ಲಿ ಮುಸಲ್ಮಾನರು ಬಹುಸಂಖ್ಯಾತರಾಗಿರುವ ಪ್ರದೇಶಗಳನ್ನು ಒಟ್ಟುಗೂಡಿಸಿ ‘ಸ್ವತಂತ್ರ ರಾಜ್ಯ’ಗಳನ್ನು ರಚಿಸಬೇಕೆಂದು ಅದು ಹೇಳುತ್ತದೆ. ರಾಜ್ಯ ಒಂದೋ ಎರಡೋ? ಅವುಗಳ ಗಡಿ ಎಲ್ಲಿ? ದೆಹಲಿಯೊಡನೆ ಅವುಗಳಿಗೆ ಯಾವ ಸಂಬಂಧವೂ ಇರಕೂಡದೆ, ಅಥವಾ ಸಮಾನರ ನಡುವಣ ಒಪ್ಪಂದವೊಂದು ಇರಬಹುದೆ? ಠರಾವು ಇದಾವುದಕ್ಕೂ ಖಚಿತ ಉತ್ತರ ಕೊಡುವುದಿಲ್ಲ. ಠರಾವನ್ನು ಮಂಡಿಸಿದವರು ಬಂಗಾಳದ ಅದೇ ಫಜ್ಲುಲ್ ಹಕ್.

ಈ ಅಸ್ಪಷ್ಟತೆ ಬರೆದವರ ಕೈತಪ್ಪಿನಿಂದ ಬಂದದ್ದಲ್ಲ, ಅದೊಂದು ಲೆಕ್ಕಾಚಾರ ಎಂಬುದು ಜಲಾಲ್ ಅವರ ವಾದದ ತಿರುಳು. ಗಡಿಗಳನ್ನು ಸ್ಪಷ್ಟಪಡಿಸಿದ್ದರೆ, ಹೊರಗುಳಿಯುವ ಸಂಯುಕ್ತ ಪ್ರಾಂತದ ಮುಸಲ್ಮಾನರು ಕೈಬಿಡುತ್ತಿದ್ದರು. ಕೇಂದ್ರದ ಸ್ವರೂಪವನ್ನು ಸ್ಪಷ್ಟಪಡಿಸಿದ್ದರೆ, ಯಾವ ಕೇಂದ್ರವೂ ಬೇಡವೆನ್ನುವ ಪಂಜಾಬಿನವರು ದೂರವಾಗುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಬಯಕೆಯನ್ನು ತುಂಬಿಕೊಳ್ಳಬಹುದಾದ ಪಾತ್ರೆಯಾಗಿ ಆ ಬೇಡಿಕೆ ಉಳಿಯಬೇಕಾಗಿತ್ತು. ಮುಸಲ್ಮಾನರು ಅಲ್ಪಸಂಖ್ಯಾತರಲ್ಲ, ಪ್ರತ್ಯೇಕ ರಾಷ್ಟ್ರ ಎಂದು ಸಾರಿದರೆ, ಮುಂದೆ ಭಾರತದ ಕೇಂದ್ರಾಡಳಿತವನ್ನು ರಚಿಸುವಾಗ ತಲೆ ಎಣಿಕೆಯ ಪ್ರಶ್ನೆ ಹಿಂದಕ್ಕೆ ಸರಿದು ಸಮಾನರ ಸಂಧಾನ ಮುಂದಕ್ಕೆ ಬರುತ್ತದೆ. ಜಲಾಲ್ ಅವರ ದೃಷ್ಟಿಯಲ್ಲಿ ಜಿನ್ನಾ ಪಾಲು ಕೇಳಿದ್ದು ಮನೆಯಲ್ಲಿ ಸರಿಸಮನಾದ ಹಕ್ಕು ದೊರೆಯಲೆಂದು.

ಇಂತಹ ವಾದಕ್ಕೆ ಒರೆಗಲ್ಲು ಬೇಕು. 1946ರ ಕ್ಯಾಬಿನೆಟ್ ನಿಯೋಗದ ಪ್ರಸಂಗವೇ ಆ ಒರೆಗಲ್ಲು. ಅಷ್ಟರಲ್ಲಿ ಲೀಗಿನ ಸ್ಥಿತಿ ಬದಲಾಗಿತ್ತು. 1945–46ರ ಚುನಾವಣೆಯಲ್ಲಿ ಕೇಂದ್ರ ಶಾಸನಸಭೆಯ 30 ಮುಸ್ಲಿಂ ಸ್ಥಾನಗಳೂ ಅದರ ಪಾಲಾಗಿದ್ದವು. ಪ್ರಾಂತಗಳಲ್ಲೂ ಮುಸ್ಲಿಂ ಸ್ಥಾನಗಳ ಬಹುಭಾಗ ಅದಕ್ಕೆ ದೊರಕಿತ್ತು. ಆಸ್ತಿ, ತೆರಿಗೆ, ವಿದ್ಯಾಭ್ಯಾಸಗಳ ಆಧಾರದ ಮೇಲೆ ಕೆಲವರಿಗಷ್ಟೇ ಮತಾಧಿಕಾರವಿದ್ದ ಕಾಲವದು ಎಂಬುದನ್ನು ಮರೆಯಬಾರದು. ಆದರೂ ‘ಏಕೈಕ ವಕ್ತಾರ’ ಎಂಬ ಹಕ್ಕುಸಾಧನೆಗೆ ಈಗ ಆಧಾರವೊಂದು ಸಿಕ್ಕಿತ್ತು.

1946ರ ಮೇ 16ರಂದು ನಿಯೋಗವು ತನ್ನ ಯೋಜನೆಯನ್ನು ಪ್ರಕಟಿಸಿತು. ಭಾರತ ಒಂದೇ ಒಕ್ಕೂಟವಾಗಿ ಉಳಿಯತಕ್ಕದ್ದು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ, ಇವು ಮಾತ್ರ ಕೇಂದ್ರದ ಕೈಯಲ್ಲಿರತಕ್ಕವು. ಪ್ರಾಂತಗಳು ಮೂರು ಗುಂಪುಗಳಾಗಿ ಕೂಡಬಹುದು: ಮದರಾಸು, ಮುಂಬಯಿ ಮೊದಲಾದ ಆರು ಪ್ರಾಂತಗಳದೊಂದು, ಪಂಜಾಬ್, ಸಿಂಧ್, ವಾಯವ್ಯ ಗಡಿ ಪ್ರಾಂತಗಳದೊಂದು, ಬಂಗಾಳ, ಅಸ್ಸಾಮುಗಳದು ಇನ್ನೊಂದು. ಪ್ರತ್ಯೇಕ ಸಾರ್ವಭೌಮ ಪಾಕಿಸ್ತಾನದ ಬೇಡಿಕೆಯನ್ನು ಈ ಯೋಜನೆ ಸ್ಪಷ್ಟವಾಗಿ ತಿರಸ್ಕರಿಸಿತ್ತು. ಹೀಗಿದ್ದೂ ಜೂನ್ 6ರಂದು ಮುಸ್ಲಿಂ ಲೀಗ್ ಇದನ್ನು ಅಂಗೀಕರಿಸಿತು. ಪಾಕಿಸ್ತಾನವೊಂದೇ ಜಿನ್ನಾರ ಅಂತಿಮ ಗುರಿಯಾಗಿದ್ದರೆ ಈ ಅಂಗೀಕಾರಕ್ಕೆ ಅರ್ಥವೇನು? ಜಲಾಲ್ ಅವರ ವಾದಕ್ಕೆ ಅತ್ಯಂತ ಬಲವಾದ ಸಾಕ್ಷ್ಯ ಇದೇ.

ಕಾಂಗ್ರೆಸ್ ಈ ಯೋಜನೆಯನ್ನು ತನ್ನದೇ ಅರ್ಥವಿವರಣೆಯೊಡನೆ ಒಪ್ಪಿತು. ಗುಂಪಿಗೆ ಸೇರುವುದು ಪ್ರಾಂತಗಳ ಇಚ್ಛೆಗೆ ಬಿಟ್ಟದ್ದೆಂದು ಅದು ವಾದಿಸಿತು. ಈ ಆಕ್ಷೇಪಕ್ಕೆ ಆಧಾರವಿಲ್ಲದಿರಲಿಲ್ಲ. ಹಿಂದೂಗಳೇ ಹೆಚ್ಚಾಗಿದ್ದ ಅಸ್ಸಾಮನ್ನು ಬಂಗಾಳದ ಜೊತೆಗೂ, ಕಾಂಗ್ರೆಸ್ ಸರ್ಕಾರವೇ ಇದ್ದ ಗಡಿ ಪ್ರಾಂತವನ್ನು ಪಂಜಾಬಿನ ಜೊತೆಗೂ ಬಲವಂತವಾಗಿ ಕಟ್ಟಿಹಾಕುವುದು ನ್ಯಾಯವೆ ಎಂಬ ಪ್ರಶ್ನೆ ನಿಜವಾದ ಪ್ರಶ್ನೆಯೇ. ಜುಲೈ 10ರಂದು ಜವಾಹರಲಾಲ್ ನೆಹರೂ ಪತ್ರಿಕಾಗೋಷ್ಠಿಯಲ್ಲಿ, ಸಂವಿಧಾನ ಸಭೆಗೆ ಹೋಗಲು ಒಪ್ಪಿರುವುದನ್ನು ಬಿಟ್ಟರೆ ಕಾಂಗ್ರೆಸ್ಸಿಗೆ ಬೇರಾವ ಕಟ್ಟುಪಾಡೂ ಇಲ್ಲವೆಂಬರ್ಥದ ಮಾತನ್ನಾಡಿದರು. ಜುಲೈ 29ರಂದು ಲೀಗು ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಂಡು ‘ನೇರ ಕಾರ್ಯಾಚರಣೆ’ಗೆ ಕರೆಕೊಟ್ಟಿತು. ಆಗಸ್ಟ್ 16ರಂದು ಕಲ್ಕತ್ತೆಯ ಬೀದಿಗಳಲ್ಲಿ ರಕ್ತ ಹರಿಯಿತು. ಅಲ್ಲಿಂದ ಮುಂದೆ ಮಾತುಕತೆಯ ಸೂತ್ರ ಯಾರ ಕೈಯಲ್ಲೂ ನಿಲ್ಲಲಿಲ್ಲ.

ಜಲಾಲ್ ಅವರ ವಾದದಂತೆ, ಕೊನೆಯ ಹಂತದಲ್ಲಿ ವಿಭಜನೆಯನ್ನು ಆರಿಸಿಕೊಂಡವರಲ್ಲಿ ಕಾಂಗ್ರೆಸ್ಸಿನ ಉನ್ನತ ನಾಯಕತ್ವವೂ ಇತ್ತು. ಬಲಿಷ್ಠವಾದ ಕೇಂದ್ರವಿಲ್ಲದೆ ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಒಂದುಗೂಡಿಸುವುದು, ಯೋಜಿತ ಆರ್ಥಿಕತೆಯನ್ನು ಕಟ್ಟುವುದು ಅಸಾಧ್ಯವೆಂದು ನೆಹರೂ ಮತ್ತು ವಲ್ಲಭಭಾಯಿ ಪಟೇಲರು ನಂಬಿದ್ದರು. ದುರ್ಬಲ ಕೇಂದ್ರದ ಅಖಂಡ ಭಾರತ, ಬಲಿಷ್ಠ ಕೇಂದ್ರದ ಖಂಡಿತ ಭಾರತ, ಇವೆರಡರಲ್ಲಿ ಅವರು ಎರಡನೆಯದನ್ನು ಆರಿಸಿಕೊಂಡರು. ಆದರೆ ಹೋಗುವವರು ಪೂರ್ತಿ ಪ್ರಾಂತಗಳನ್ನು ಒಯ್ಯುವಂತಿಲ್ಲ. ಪಂಜಾಬೂ ಬಂಗಾಳವೂ ಒಡೆಯಬೇಕು. 1944ರಲ್ಲಿ ರಾಜಾಜಿಯವರ ಸೂತ್ರ ಮುಂದಿಟ್ಟ ಇಂಥದೇ ಪಾಕಿಸ್ತಾನವನ್ನು ಜಿನ್ನಾ ಅಂಗವಿಕಲವಾದದ್ದು, ನುಸಿ ತಿಂದದ್ದು ಎಂದು ಹಳಿದು ತಳ್ಳಿಬಿಟ್ಟಿದ್ದರು. 1947ರ ಜೂನ್ 3ರ ಯೋಜನೆ ಅವರ ಮುಂದಿಟ್ಟಿದ್ದು ಹೆಚ್ಚುಕಡಮೆ ಅದನ್ನೇ. ಏಳು ವರ್ಷ ಪಾಲು ಕೇಳಿದವನು ಪಾಲುಪಟ್ಟಿ ಕಣ್ಣೆದುರಿಗೆ ಬಂದಾಗ ಬೇಡವೆನ್ನಲಾರದೆ ಹೋದ.

ಈ ವಾದವನ್ನು ಎಲ್ಲರೂ ಒಪ್ಪಿದ್ದಾರೆಂದು ಭಾವಿಸಬಾರದು. ಪುಸ್ತಕ ಹೊರಬಂದು ನಾಲ್ಕು ದಶಕಗಳಾದರೂ ಚರ್ಚೆ ನಿಂತಿಲ್ಲ. ಇದು ಮೇಲ್ಮಟ್ಟದ ಕೆಲವೇ ನಾಯಕರ ಚದುರಂಗದಾಟದ ಇತಿಹಾಸ, ಇದರಲ್ಲಿ ಬೀದಿಯ ಜನ ಕಾಣುವುದಿಲ್ಲ ಎಂಬುದು ಒಂದು ಆಕ್ಷೇಪ. ಫರ್ಜಾನಾ ಶೇಖ್ 1989ರ ತಮ್ಮ ಕೃತಿಯಲ್ಲಿ, ಪ್ರಾತಿನಿಧ್ಯವೆಂದರೇನು ಎಂಬ ಬಗ್ಗೆ ಮುಸ್ಲಿಂ ಗಣ್ಯವರ್ಗದಲ್ಲಿ ಬೇರೂರಿದ್ದ ವಿಚಾರಗಳಿಗೂ ತಕ್ಕ ಬೆಲೆ ಕೊಡಬೇಕೆಂದು ತೋರಿಸಿದರು. ವೆಂಕಟ್ ಧುಳಿಪಾಳ 2015ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪಾಕಿಸ್ತಾನದ ಕಲ್ಪನೆ ಜಲಾಲ್ ಹೇಳುವಷ್ಟು ಮಸುಕಾಗಿರಲಿಲ್ಲ. ಸಂಯುಕ್ತ ಪ್ರಾಂತದ ಪತ್ರಿಕೆಗಳಲ್ಲೂ ಸಭೆಗಳಲ್ಲೂ ಉಲೇಮಾಗಳ ಬರಹಗಳಲ್ಲೂ ಅದರ ಗಡಿ, ಸಂಪತ್ತು, ಧಾರ್ಮಿಕ ಸ್ವರೂಪಗಳನ್ನು ಕುರಿತು ಬಹಿರಂಗವಾಗಿ ವಾಗ್ವಾದ ನಡೆದಿತ್ತು ಎಂದು ವಾದಿಸಿದರು. ನಾಯಕನ ಮನಸ್ಸಿನಲ್ಲಿದ್ದುದು ಒಂದು, ಅವನ ಘೋಷಣೆಯನ್ನು ಕೇಳಿ ಓಟು ಹಾಕಿದವನ ಮನಸ್ಸಿನಲ್ಲಿದ್ದುದು ಇನ್ನೊಂದು ಆಗಿರಬಹುದಷ್ಟೆ. ಚೌಕಾಸಿಗಾಗಿ ಆಡಿದ ಮಾತನ್ನು ಲಕ್ಷಾಂತರ ಜನ ಸತ್ಯವೆಂದು ನಂಬಿದರೆ, ಆಡಿದವನ ಹೊಣೆ ಅದರಿಂದ ಕಡಿಮೆಯಾಗುತ್ತದೆಯೆ? ನನಗೆ ತೋರುವಂತೆ ಹೊಣೆ ಇನ್ನಷ್ಟು ಭಾರವೇ ಆಗುತ್ತದೆ. ಜಲಾಲ್ ಅವರನ್ನು ಓದಿ ಜಿನ್ನಾರನ್ನು ನಿರ್ದೋಷಿಯೆಂದು ಸಾರುವವರು ಪುಸ್ತಕವನ್ನು ಅರ್ಧಕ್ಕೇ ಮುಚ್ಚಿದವರು.

ಪುಸ್ತಕದ ಉಳಿದರ್ಧ ಅವರ ಮುಂದಿನ ಕೃತಿಗಳಲ್ಲಿದೆ. ಹಾಗೆ ಕೈಗೆ ಬಂದ ರಾಜ್ಯ ಮುಂದೆ ಏನಾಯಿತು? 1990ರಲ್ಲಿ ಪ್ರಕಟವಾದ ‘ದಿ ಸ್ಟೇಟ್ ಆಫ್ ಮಾರ್ಷಿಯಲ್ ರೂಲ್’ ಎಂಬ ಗ್ರಂಥ ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಪಾಕಿಸ್ತಾನದಲ್ಲಿ ಸೈನ್ಯ ಅಧಿಕಾರಕ್ಕೆ ಬಂದದ್ದೇಕೆ ಎಂದರೆ, ಧರ್ಮವನ್ನೋ ಜನರ ಸ್ವಭಾವವನ್ನೋ ಕಾರಣವಾಗಿ ಹೇಳಿಬಿಡುವುದು ರೂಢಿ. ಜಲಾಲ್ ಅವರು ಹುಡುಕುವುದು ಕಚೇರಿಯ ಕಡತಗಳಲ್ಲಿ, ಆಯವ್ಯಯದ ಅಂಕಿಗಳಲ್ಲಿ.

ಭಾರತಕ್ಕೆ ದೆಹಲಿ ಸಿಕ್ಕಿತು. ಸಚಿವಾಲಯ, ಕಡತಗಳು, ಖಜಾನೆ, ಹೊರದೇಶಗಳಲ್ಲಿ ಮನ್ನಣೆ, ಎಲ್ಲವೂ ಕಟ್ಟಿಟ್ಟ ಮನೆಯಂತೆ ದೊರೆತವು. ಪಾಕಿಸ್ತಾನಕ್ಕೆ ಸಿಕ್ಕಿದ್ದು ಪ್ರಾಂತಗಳು. ಕೇಂದ್ರವನ್ನು ಕರಾಚಿಯಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಕಾಗದಗಳನ್ನು ಪೋಣಿಸಲು ಗುಂಡುಸೂಜಿಯಿಲ್ಲದೆ ಮುಳ್ಳುಗಳನ್ನು ಬಳಸಿದೆವೆಂಬ ಮಾತು ಅಂದಿನ ಅಧಿಕಾರಿಗಳ ನೆನಪುಗಳಲ್ಲಿ ಬರುತ್ತದೆ. ಅವಿಭಕ್ತ ಭಾರತದ ಹಣಕಾಸಿನ ಆಸ್ತಿಯಲ್ಲಿ ಅದರ ಪಾಲು ನೂರಕ್ಕೆ 17.5, ಸೈನ್ಯದಲ್ಲಿ ಸುಮಾರು ಮೂರನೆಯ ಒಂದು ಭಾಗ. ಆದಾಯ ಸಣ್ಣದು, ಕಾಪಾಡಬೇಕಾದ ಗಡಿ ದೊಡ್ಡದು. ಕೆಲವೇ ವಾರಗಳಲ್ಲಿ ಕಾಶ್ಮೀರದ ಕಾಳಗ ಮೊದಲಾಯಿತು. ನಗದು ಶಿಲ್ಕಿನ 75 ಕೋಟಿ ರೂಪಾಯಿಗಳಲ್ಲಿ ಉಳಿದ 55 ಕೋಟಿಯನ್ನು ಭಾರತ ತಡೆಹಿಡಿದುದೂ, 1948ರ ಜನವರಿಯಲ್ಲಿ ಗಾಂಧೀಜಿಯವರ ಉಪವಾಸದ ಕಾಲಕ್ಕೆ ಅದನ್ನು ಬಿಡುಗಡೆ ಮಾಡಿದುದೂ ನಮಗೆ ತಿಳಿದ ವಿಷಯವೇ.

ಮೊದಲ ವರ್ಷಗಳಲ್ಲಿ ಪಾಕಿಸ್ತಾನದ ಕೇಂದ್ರ ವರಮಾನದ ಅರ್ಧಕ್ಕಿಂತ ಹೆಚ್ಚು ರಕ್ಷಣೆಗೇ ಹೋಯಿತು. ಆ ಹಣ ಬರಬೇಕಾದದ್ದು ಪ್ರಾಂತಗಳಿಂದ. ಸ್ವಾಯತ್ತತೆಯ ಆಸೆಯಿಂದ ಪಾಕಿಸ್ತಾನವನ್ನು ಬೆಂಬಲಿಸಿದ ಪ್ರಾಂತಗಳೇ ಈಗ ಕೇಂದ್ರದ ಬೊಕ್ಕಸವನ್ನು ತುಂಬಬೇಕಾಯಿತು. ಇಲ್ಲಿದೆ ನೋಡಿ, ಲಾಹೋರ್ ಠರಾವಿನ ಅಸ್ಪಷ್ಟತೆಗೆ ತೆರಬೇಕಾಗಿ ಬಂದ ಬೆಲೆ. ಸ್ವಾತಂತ್ರ್ಯ ಬಂದು ಒಂದು ವಾರವಾಗುವಷ್ಟರಲ್ಲಿ, 1947ರ ಆಗಸ್ಟ್ 22ರಂದು, ವಾಯವ್ಯ ಗಡಿ ಪ್ರಾಂತದ ಕಾಂಗ್ರೆಸ್ ಸರ್ಕಾರವನ್ನು ವಜಾಮಾಡಲಾಯಿತು. 1948ರಲ್ಲಿ ಸಿಂಧ್ ಸರ್ಕಾರದ ಸರದಿ ಬಂತು. ಆ ವರ್ಷವೇ ಸೆಪ್ಟೆಂಬರ್ 11ರಂದು ಜಿನ್ನಾ ತೀರಿಕೊಂಡರು. 1951ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲಿಯಾಕತ್ ಅಲಿ ಖಾನರು ರಾವಲ್ಪಿಂಡಿಯಲ್ಲಿ ಗುಂಡಿಗೆ ಬಲಿಯಾದರು. ಹಳ್ಳಿಹಳ್ಳಿಗೂ ಬೇರು ಬಿಟ್ಟಿದ್ದ ಪಕ್ಷ ಅಲ್ಲಿರಲಿಲ್ಲ. ತರಬೇತಾದ ಅಧಿಕಾರಿಗಳೂ ಸೇನಾನಿಗಳೂ ಇದ್ದರು. ಲೆಕ್ಕಪತ್ರ ಇಲಾಖೆಯಿಂದ ಬಂದ ಗುಲಾಂ ಮಹಮ್ಮದ್ ಗವರ್ನರ್ ಜನರಲ್ ಆದರು.

ಪೂರ್ವ ಬಂಗಾಳದಲ್ಲಿ ಪಾಕಿಸ್ತಾನದ ಅರ್ಧಕ್ಕಿಂತ ಹೆಚ್ಚು ಜನರಿದ್ದರು. ತಮ್ಮ ನುಡಿಗೆ ಸ್ಥಾನ ಕೇಳಿದವರ ಮೇಲೆ 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಗುಂಡು ಹಾರಿಸಲಾಯಿತು. 1954ರ ಚುನಾವಣೆಯಲ್ಲಿ ಅಲ್ಲಿನ 237 ಮುಸ್ಲಿಂ ಸ್ಥಾನಗಳ ಪೈಕಿ 223ನ್ನು ವಿರೋಧ ಪಕ್ಷಗಳ ಸಂಯುಕ್ತ ರಂಗ ಗೆದ್ದುಕೊಂಡು ಫಜ್ಲುಲ್ ಹಕ್ಕರ ನೇತೃತ್ವದಲ್ಲಿ ಸರ್ಕಾರ ರಚಿಸಿತು. ಎರಡು ತಿಂಗಳೊಳಗಾಗಿ ಕರಾಚಿ ಅದನ್ನು ಕಿತ್ತುಹಾಕಿತು. ಲಾಹೋರಿನಲ್ಲಿ ಠರಾವನ್ನು ಮಂಡಿಸಿದ ಕೈಯಿಂದಲೇ ಆ ರಾಜ್ಯ ಅಧಿಕಾರವನ್ನು ಕಸಿದುಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗುಲಾಂ ಮಹಮ್ಮದ್ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಸಭಾಧ್ಯಕ್ಷ ತಮೀಜುದ್ದೀನ್ ಖಾನ್ ನ್ಯಾಯಾಲಯದ ಮೆಟ್ಟಿಲೇರಿದರು. ಸಿಂಧ್‌ನ ಮುಖ್ಯ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತರೂ 1955ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅಗತ್ಯವಿದ್ದಾಗ ಕಾನೂನು ಬಾಗಬಹುದೆಂಬ ಸಿದ್ಧಾಂತ ಅಲ್ಲಿ ನೆಲೆಯೂರಿತು. 1954ರ ಮೇ ತಿಂಗಳಲ್ಲಿ ಅಮೆರಿಕದೊಡನೆ ಸೈನಿಕ ನೆರವಿನ ಒಪ್ಪಂದವೂ ಆಗಿತ್ತು. ಶೀತಲ ಸಮರದ ಆ ನೆರವು ದೇಶದೊಳಗಿನ ತಕ್ಕಡಿಯನ್ನು ಸೈನ್ಯದ ಕಡೆಗೆ ವಾಲಿಸಿತೆಂಬುದು ಜಲಾಲ್ ಅವರ ಗ್ರಂಥದ ಮುಖ್ಯ ನಿರ್ಣಯಗಳಲ್ಲೊಂದು. 1958ರ ಅಕ್ಟೋಬರ್‌ನಲ್ಲಿ ಜನರಲ್ ಅಯೂಬ್ ಖಾನ್ ಗದ್ದುಗೆಯೇರುವಷ್ಟರಲ್ಲಿ ಮೆಟ್ಟಿಲುಗಳೆಲ್ಲ ಸಿದ್ಧವಾಗಿದ್ದವು. 1971ರಲ್ಲಿ ಬಂಗಾಳ ಬೇರೆಯಾಯಿತು.

ಇದನ್ನು ಓದುವಾಗ ‘ಸದ್ಯ, ನಾವು ಹಾಗಾಗಲಿಲ್ಲ’ ಎಂಬ ಸಮಾಧಾನ ನಮ್ಮ ಮನಸ್ಸಿನಲ್ಲಿ ಮೂಡುವುದು ಸಹಜ. ಈ ಸಮಾಧಾನವನ್ನೂ ಜಲಾಲ್ ಕೆಣಕುತ್ತಾರೆ. 1995ರಲ್ಲಿ ಪ್ರಕಟಿಸಿದ ತೌಲನಿಕ ಅಧ್ಯಯನದಲ್ಲಿ ಅವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಒಂದೇ ವಸಾಹತು ಆಡಳಿತದ ಹೊಟ್ಟೆಯಿಂದ ಬಂದ ಈ ರಾಜ್ಯಗಳನ್ನು ‘ಪ್ರಜಾಪ್ರಭುತ್ವ’ ‘ಸರ್ವಾಧಿಕಾರ’ ಎಂದು ಎರಡು ಪೆಟ್ಟಿಗೆಗಳಲ್ಲಿ ಹಾಕಿಡುವುದು ಸರಿಯಲ್ಲ; ಚುನಾವಣೆಯ ಪ್ರಜಾಪ್ರಭುತ್ವದೊಳಗೂ ಅಧಿಕಾರಶಾಹಿಯ ನಿರಂಕುಶತೆ ಹುದುಗಿರಬಲ್ಲದು ಎಂಬುದು ಅವರ ಅಭಿಪ್ರಾಯ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. 1935ರ ಕಾಯಿದೆಯ 93ನೆಯ ಕಲಮು ಚುನಾಯಿತ ಸರ್ಕಾರವನ್ನು ಬದಿಗೊತ್ತಿ ಪ್ರಾಂತದ ಆಡಳಿತವನ್ನು ವಹಿಸಿಕೊಳ್ಳುವ ಅಧಿಕಾರವನ್ನು ಗವರ್ನರನಿಗೆ ಕೊಟ್ಟಿತ್ತು. ಪಾಕಿಸ್ತಾನದಲ್ಲಿ ಅದು 92-ಎ ಎಂಬ ಕಲಮಾಗಿ ಬಂದು ಫಜ್ಲುಲ್ ಹಕ್ಕರ ಸರ್ಕಾರವನ್ನು ನುಂಗಿತು. ಭಾರತದಲ್ಲಿ ಅದರ ವಂಶಜವೇ ಸಂವಿಧಾನದ 356ನೆಯ ವಿಧಿ. 1989ರ ಏಪ್ರಿಲ್‌ನಲ್ಲಿ, ವಿಧಾನಸಭೆಯಲ್ಲಿ ಬಹುಮತವನ್ನು ಸಾಬೀತುಪಡಿಸುತ್ತೇನೆಂದರೂ ಅವಕಾಶ ಕೊಡದೆ ಕರ್ನಾಟಕದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾಮಾಡಿದ್ದು ಈ ವಿಧಿಯ ಬಲದಿಂದಲೇ. ವ್ಯತ್ಯಾಸ ಮುಂದಿನ ಹೆಜ್ಜೆಯಲ್ಲಿದೆ. ತಮೀಜುದ್ದೀನ್ ಖಾನರ ಮೊಕದ್ದಮೆಯಲ್ಲಿ ಕರಾಚಿಯ ಆಳುವವರ ಪರ ನಿಂತ ನ್ಯಾಯಾಲಯಕ್ಕೆ ಎದುರಾಗಿ, ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಬೊಮ್ಮಾಯಿ ಮೊಕದ್ದಮೆಯಲ್ಲಿ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಎಂದೂ, ಇಂಥ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ ತೀರ್ಪಿತ್ತಿತು. ಪಿತ್ರಾರ್ಜಿತ ಒಂದೇ ಆದರೂ ಅದನ್ನು ಬಳಸಿಕೊಳ್ಳುವ ಬಗೆ ಒಂದೇ ಆಗಬೇಕಾಗಿಲ್ಲ. ಜಲಾಲ್ ಅವರ ತೌಲನಿಕ ವಾದ ಈ ಭೇದಕ್ಕೆ ಸಾಕಷ್ಟು ತೂಕ ಕೊಡುವುದಿಲ್ಲವೆಂಬ ಟೀಕೆಯಲ್ಲಿ ಸತ್ಯಾಂಶವಿದೆ. ಆದರೆ ಆಯುಧ ಎರಡೂ ಮನೆಗಳ ಅಟ್ಟದ ಮೇಲಿತ್ತೆಂದು ನೆನಪಿಸಿದ ಉಪಕಾರ ಅವರದು.

ಮುಂದೆ 2000ದಲ್ಲಿ ಬಂದ ‘ಸೆಲ್ಫ್ ಅಂಡ್ ಸಾವರಿನ್ಟಿ’ ಎಂಬ ಬೃಹತ್ ಕೃತಿಯಲ್ಲಿ ಅವರು ರಾಜಕೀಯದಿಂದ ಮನಸ್ಸಿನ ಇತಿಹಾಸಕ್ಕೆ ಬಂದರು. 1850ರಿಂದೀಚೆಗಿನ ಉರ್ದು ಪತ್ರಿಕೆ, ಕಾವ್ಯ, ಪ್ರಬಂಧಗಳನ್ನು ಶೋಧಿಸಿ ಅಲ್ಲಿ ಅವರು ಒಂದು ವಿವೇಕದ ಮಾತನ್ನು ಮುಂದಿಟ್ಟರು. ಒಬ್ಬ ಮನುಷ್ಯನ ಬದುಕಿಗೆ ಧರ್ಮದಿಂದ ಬಂದ ಸಂಸ್ಕಾರವೊಂದಿರುವುದು ಬೇರೆ, ಆ ಧರ್ಮದ ಹೆಸರಿನಲ್ಲಿ ನಡೆಯುವ ರಾಜಕೀಯ ಬೇರೆ. ‘ಕೋಮುವಾದ’ ಎಂಬ ಒಂದೇ ಪದದಿಂದ ಎರಡಕ್ಕೂ ಮಸಿ ಬಳಿದರೆ, ಮುಸಲ್ಮಾನ ವ್ಯಕ್ತಿ ತನ್ನ ಸಮುದಾಯದ ಕುರಿತು ಆಡುವ ಮಾತೆಲ್ಲ ಅಪರಾಧವಾಗುತ್ತದೆ. ಬಹುಸಂಖ್ಯಾತನು ಆಡುವುದು ಮಾತ್ರ ರಾಷ್ಟ್ರೀಯವೆನಿಸಿಕೊಳ್ಳುತ್ತದೆ. ತಮ್ಮ ನೆರೆಯವರನ್ನು ಕುರಿತು ನಾವು ಬಳಸುವ ಶಬ್ದಗಳ ಬಗ್ಗೆ ಎಚ್ಚರವನ್ನು ಬಯಸುವ ಯಾವ ಓದುಗನಿಗೂ ಈ ವಿವೇಚನೆ ಉಪಯುಕ್ತವಾದದ್ದು.

ಕೊನೆಗೆ ಮಂಟೋ. 1912ರಲ್ಲಿ ಹುಟ್ಟಿ, 1948ರ ಜನವರಿಯಲ್ಲಿ ಮುಂಬಯಿಯಿಂದ ಲಾಹೋರಿಗೆ ಹೋಗಿ, 1955ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡ ಆ ಕಥೆಗಾರನನ್ನು ಕುರಿತು ಜಲಾಲ್ 2013ರಲ್ಲಿ ‘ದಿ ಪಿಟಿ ಆಫ್ ಪಾರ್ಟಿಷನ್’ ಎಂಬ ಪುಸ್ತಕ ಬರೆದರು. ದಾಖಲೆಗಳ ಇತಿಹಾಸದಿಂದ ಆರಂಭಿಸಿದವರು ಮೂರು ದಶಕಗಳ ಬಳಿಕ ಕಥೆಗಾರನ ಬಳಿಗೆ ಬಂದದ್ದು ಕೇವಲ ಬಂಧುಪ್ರೇಮದಿಂದಲ್ಲ. ಹನ್ನೆರಡು ಸಂಪುಟಗಳ ದಾಖಲೆಗಳಲ್ಲಿ ಗುಂಪುಗಳ ರಚನೆಯ ಚರ್ಚೆಯಿದೆ. ಮನೆ ಬಿಟ್ಟು ಹೊರಟ ಒಂದು ಕೋಟಿಗೂ ಮಿಕ್ಕಿದ ಜನರ ದನಿ ಅಲ್ಲಿ ಕೇಳಿಸುವುದಿಲ್ಲ. ಮಂಟೋನ ‘ಟೋಬಾ ಟೇಕ್ ಸಿಂಗ್’ ಕಥೆಯಲ್ಲಿ ಎರಡು ಸರ್ಕಾರಗಳು ಹುಚ್ಚಾಸ್ಪತ್ರೆಯ ರೋಗಿಗಳನ್ನೂ ಧರ್ಮದ ಪ್ರಕಾರ ಹಂಚಿಕೊಳ್ಳುತ್ತವೆ. ತನ್ನ ಊರು ಯಾವ ದೇಶದಲ್ಲಿದೆಯೆಂದು ಕೇಳುತ್ತಲೇ ಇದ್ದ ಬಿಶನ್ ಸಿಂಗ್, ಎರಡು ಗಡಿಗಳ ನಡುವೆ ಯಾರಿಗೂ ಸೇರದ ನೆಲದ ಮೇಲೆ ಬಿದ್ದು ಸಾಯುತ್ತಾನೆ. ಜಲಾಲ್ ತಮ್ಮ ಮೊದಲ ಪುಸ್ತಕದಲ್ಲಿ ಕೇಳಿದ ಪ್ರಶ್ನೆ, ಆ ಹುಚ್ಚನ ಪ್ರಶ್ನೆಗಿಂತ ಬಹಳ ಬೇರೆಯಾದದ್ದಲ್ಲ.

ಆರಂಭದಲ್ಲಿ ಕೊಟ್ಟ ಮನೆಯ ಉಪಮಾನಕ್ಕೆ ಮಿತಿಯೊಂದಿದೆ. ಅದನ್ನು ಹೇಳದೆ ಮುಗಿಸಬಾರದು. ಮನೆ ಒಡೆಯುವಾಗ ಅಣ್ಣತಮ್ಮಂದಿರು ಎದುರುಬದುರು ಕುಳಿತಿರುತ್ತಾರೆ. 1947ರಲ್ಲಿ ಕುಳಿತವರು ಬೆರಳೆಣಿಕೆಯಷ್ಟು ಮಂದಿ. ಗಡಿರೇಖೆಯ ತೀರ್ಪು ಪ್ರಕಟವಾದದ್ದು ಆಗಸ್ಟ್ 17ರಂದು, ಸ್ವಾತಂತ್ರ್ಯದ ಹಬ್ಬ ಮುಗಿದು ಎರಡು ದಿನಗಳಾದ ಮೇಲೆ. ಅಮೃತಸರದ ಮುಸಲ್ಮಾನ ನೇಕಾರನನ್ನಾಗಲಿ ಲಾಹೋರಿನ ಹಿಂದೂ ಅಂಗಡಿಕಾರನನ್ನಾಗಲಿ ಯಾರೂ ಕೇಳಲಿಲ್ಲ. ಆಮೇಲಿನ ತಲೆಮಾರುಗಳನ್ನು ಕುರಿತು ‘ನೀವು ಕೇಳಿದ್ದು ನಿಮಗೆ ಸಿಕ್ಕಿತಲ್ಲ, ಇನ್ನೇಕೆ ಇಲ್ಲಿದ್ದೀರಿ?’ ಎಂದು ಕೇಳುವ ನಾಲಗೆಗಳು ನಮ್ಮ ನಡುವೆ ಇಂದಿಗೂ ಇವೆ. ಕೇಳಿದವರು ಕೆಲವರು, ಅವರು ಕೇಳಿದ್ದೇನೆಂಬುದೂ ವಿವಾದದ ವಿಷಯ, ಸಿಕ್ಕಿದ್ದು ಕೇಳಿದ್ದಲ್ಲ, ಇಲ್ಲಿ ಉಳಿದವರು ಉಳಿದದ್ದು ಇದು ತಮ್ಮ ಮನೆಯೆಂದೇ. ಆಯೇಶಾ ಜಲಾಲ್ ಅವರ ಎಲ್ಲ ನಿರ್ಣಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಅವರ ಪುಸ್ತಕಗಳನ್ನು ಓದಿ ಮುಗಿಸಿದವನು ಆ ಪ್ರಶ್ನೆಯನ್ನು ತನ್ನ ನೆರೆಯವನಿಗೆ ಕೇಳಲಾರ.